10 ಚದರ ಮೀಟರ್ ಪಾಚಿ ಕೊಳ, ಅರ್ಧ ಗಂಟೆಯ ಪಂಪ್‌ಸೆಟ್: ನವಲೂರಿನ ಒಂದು ಹಂಗಾಮಿನ ದಾಖಲೆ

ಎಮ್ಮೆಗಳಿಗೆ ನೀರಿಡುವ ಸಿಮೆಂಟ್ ತೊಟ್ಟಿಯನ್ನು ತೆಂಗಿನ ನಾರಿನಿಂದ ಎಷ್ಟೇ ತಿಕ್ಕಿ ತೊಳೆದರೂ ನಾಲ್ಕನೆಯ ದಿನಕ್ಕೆ ಅದರ ಗೋಡೆ ಮತ್ತೆ ಹಸಿರಾಗುತ್ತದೆ. ಯಾರೂ ಬಿತ್ತದ, ಯಾರೂ ಗೊಬ್ಬರ ಹಾಕದ ಈ ಬೆಳೆಯಿಂದ ನಮ್ಮ ಹೊಲದ 5 ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟನ್ನು ಎಷ್ಟು ಹೊತ್ತು ನಡೆಸಬಹುದು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನ ತಲೆಯಲ್ಲಿತ್ತು. ಕಳೆದ ನವೆಂಬರ್‌ನಿಂದ ಈ ಮೇ ತಿಂಗಳವರೆಗೆ ನವಲೂರಿನ ನಮ್ಮ ಹಿತ್ತಲಲ್ಲಿ ಒಂದು ಕೊಳ ಕಟ್ಟಿ ಅದನ್ನು ಪರೀಕ್ಷಿಸಿದೆ. ನನ್ನ ಕಸುಬು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪ್ ಮತ್ತು ಎಂಜಿನ್ ದುರಸ್ತಿ ಮಾಡುವುದು. ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ ಕೆಲಸವನ್ನು ಧಾರವಾಡದ ಕಾಲೇಜೊಂದರಲ್ಲಿ ಕಲಿಸುವ ಗೆಳೆಯರು ತಮ್ಮ ಪ್ರಯೋಗಾಲಯದಲ್ಲಿ ಮಾಡಿಕೊಟ್ಟರು. ಇಲ್ಲಿ ಕೊಟ್ಟಿರುವ ಅಳತೆಗಳು ನಮ್ಮ ಕೊಳದವು. ಬೇರೆಯವರ ಅಂಕಿಗಳನ್ನು ಹೇಳುವಾಗ ಅದನ್ನು ಬೇರೆಯಾಗಿಯೇ ಹೇಳಿದ್ದೇನೆ.

ಪಾಚಿಯ ಮೇಲೆ ಇಷ್ಟು ಆಸೆ ಏಕೆ ಎಂಬುದನ್ನು ಮೊದಲು ಹೇಳಬೇಕು. ಸೂಕ್ಷ್ಮ ಪಾಚಿಗೆ ಬೇರಿಲ್ಲ, ಕಾಂಡವಿಲ್ಲ. ಬಿದ್ದ ಬಿಸಿಲಿನಿಂದ ಕೂಡಿಟ್ಟುಕೊಂಡದ್ದೆಲ್ಲ ಅದರ ಒಂದೇ ಒಂದು ಜೀವಕೋಶದಲ್ಲಿರುತ್ತದೆ. ಹಂಗಾಮಿಗೊಮ್ಮೆ ಕೊಯ್ಯುವ ಬದಲು ದಿನವೂ ಕೊಯ್ಯಬಹುದು. ಎರೆಭೂಮಿಯೇ ಬೇಕೆಂದಿಲ್ಲ, ಕುಡಿಯಲು ಬಾರದ ನೀರಾದರೂ ನಡೆಯುತ್ತದೆ. ಎಕರೆಗೆ 4 ಕ್ವಿಂಟಲ್ ಸೂರ್ಯಕಾಂತಿ ಬೀಜ ಬಂದು ಅದರಲ್ಲಿ ಶೇ 38ರಷ್ಟು ಎಣ್ಣೆ ಸಿಕ್ಕರೆ ಆಗುವುದು ಸುಮಾರು 150 ಕಿಲೋ. ಅದೇ ಎಕರೆಯಲ್ಲಿ ಪಾಚಿಯಿಂದ ಅದರ ಹಲವು ಪಟ್ಟು ಎಣ್ಣೆ ತೆಗೆಯಬಹುದೆಂಬ ಲೆಕ್ಕ ಕಾಗದದ ಮೇಲೆ ಸುಳ್ಳಲ್ಲ. ಈ ಲೆಕ್ಕವನ್ನು ನಂಬಿಯೇ ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಜಲಸಸ್ಯಗಳ ಕುರಿತ ಒಂದು ದೊಡ್ಡ ಸಂಶೋಧನಾ ಕಾರ್ಯಕ್ರಮ ನಡೆಸಿತು. ಭಾರತದ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿಯೂ ಪಾಚಿಗೆ ಸ್ಥಾನವಿದೆ.

ಕೊಳ ಮತ್ತು ಚಕ್ರ

ಕೊಳದ ಆಕಾರವನ್ನು ನಾನು ಕಂಡುಹಿಡಿಯಲಿಲ್ಲ. ಓಟದ ಪಥದಂತೆ ಎರಡೂ ತುದಿ ದುಂಡಗಿರುವ, ನಡುವೆ ಒಂದು ಗೋಡೆಯಿರುವ ಈ ಆಳವಿಲ್ಲದ ಕೊಳಕ್ಕೆ ರೇಸ್‌ವೇ ಎಂದೇ ಹೆಸರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಲಿಯಂ ಆಸ್ವಾಲ್ಡ್ ಅವರು ಕೊಳಚೆ ನೀರನ್ನು ಶುದ್ಧಗೊಳಿಸಲು 1950ರ ದಶಕದಿಂದ ಇಂತಹ ಕೊಳಗಳ ಮೇಲೆ ಕೆಲಸ ಮಾಡಿದರು. ನನ್ನದು 20 ಅಡಿ ಉದ್ದ, 6 ಅಡಿ ಅಗಲ; ನಡುಗೋಡೆ ಅರ್ಧ ಇಟ್ಟಿಗೆ ದಪ್ಪ. ತುದಿಗಳ ದುಂಡನ್ನೂ ಗೋಡೆಯನ್ನೂ ಕಳೆದರೆ ನೀರಿನ ಮೇಲ್ಮೈ 10 ಚದರ ಮೀಟರ್, ನೀರಿನ ಆಳ 20 ಸೆಂಟಿಮೀಟರ್, ಒಟ್ಟು ನೀರು 2,000 ಲೀಟರ್. ಒಳಗೆ ಕೃಷಿ ಹೊಂಡಕ್ಕೆ ಹಾಸುವಂತಹದೇ ದಪ್ಪ ತಾಡಪತ್ರಿ ಹಾಸಿದೆ. ಆಳ ಇದಕ್ಕಿಂತ ಹೆಚ್ಚಾದರೆ ಪ್ರಯೋಜನವಿಲ್ಲ. ಪಾಚಿ ಒತ್ತಾಗಿ ಬೆಳೆದಾಗ ಕೋಲಿನ ತುದಿಗೆ ಕಟ್ಟಿದ ಬಿಳಿ ತಟ್ಟೆಯನ್ನು ನೀರಿನಲ್ಲಿ ಇಳಿಸಿದರೆ 4-5 ಸೆಂಟಿಮೀಟರ್ ಆಳದಲ್ಲಿಯೇ ಅದು ಕಾಣದಾಗುತ್ತದೆ. ಅದರ ಕೆಳಗಿರುವ ಕೋಶಗಳು ಕತ್ತಲೆಯಲ್ಲಿರುತ್ತವೆ. ಆದ್ದರಿಂದಲೇ ನೀರನ್ನು ತಿರುವುತ್ತಿರಬೇಕು, ಪ್ರತಿಯೊಂದು ಕೋಶವೂ ಸರದಿಯಂತೆ ಮೇಲೆ ಬರಬೇಕು.

ತಿರುವುವುದಕ್ಕೆ 70 ಸೆಂಟಿಮೀಟರ್ ವ್ಯಾಸದ ಪ್ಯಾಡಲ್ ಚಕ್ರ ಮಾಡಿದೆ. ಅದಕ್ಕೆ ಶಕ್ತಿ ಕೊಡುವುದು ಗುಜರಿಯಿಂದ ತಂದ, ಕಾರಿನ ವೈಪರ್ ನಡೆಸುವ 12 ವೋಲ್ಟ್ ಮೋಟರ್. ಅದು ನಿಮಿಷಕ್ಕೆ 45 ಸುತ್ತು ತಿರುಗುತ್ತದೆ. ನೀರು ಸೆಕೆಂಡಿಗೆ 20 ಸೆಂಟಿಮೀಟರಿನಷ್ಟು ಸಾಗಬೇಕಾದರೆ ಚಕ್ರ ನಿಮಿಷಕ್ಕೆ ಏಳೆಂಟು ಸುತ್ತಿಗಿಂತ ಹೆಚ್ಚು ತಿರುಗಬಾರದು. ಹೀಗಾಗಿ ಹಳೆಯ ಸೈಕಲ್ಲಿನ 18 ಹಲ್ಲಿನ ಫ್ರೀವ್ಹೀಲ್ ಮತ್ತು 44 ಹಲ್ಲಿನ ಚೈನ್‌ವ್ಹೀಲುಗಳನ್ನು ಎರಡು ಹಂತದಲ್ಲಿ ಜೋಡಿಸಿ ವೇಗವನ್ನು ಆರನೆಯ ಒಂದು ಪಾಲಿಗೆ ಇಳಿಸಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸೈಕಲ್ಲಿನಲ್ಲಿ ಸರಪಳಿ ಫ್ರೀವ್ಹೀಲನ್ನು ಎಳೆಯುತ್ತದೆ, ಇಲ್ಲಿ ಫ್ರೀವ್ಹೀಲೇ ಸರಪಳಿಯನ್ನು ಎಳೆಯಬೇಕು. ಒಳಗಿನ ಕಚ್ಚು ಜಾರದಂತೆ ಅದನ್ನು ವೆಲ್ಡ್ ಮಾಡಿ ಗಟ್ಟಿಗೊಳಿಸದಿದ್ದರೆ ಮೋಟರ್ ತಿರುಗುತ್ತದೆ, ಚಕ್ರ ನಿಂತೇ ಇರುತ್ತದೆ.

ಚಕ್ರದ ದಂಡಕ್ಕೆ ಮೊದಲು ಹಾಕಿದ ಉಕ್ಕಿನ ಬೇರಿಂಗುಗಳು ಸಿಡಿಯುವ ನೀರಿಗೆ ಆರು ವಾರಗಳಲ್ಲಿ ತುಕ್ಕು ಹಿಡಿದು ಕಿರುಗುಟ್ಟತೊಡಗಿದವು. ಅವುಗಳನ್ನು ತೆಗೆದು, ಲೇತ್ ಮೇಲೆ ನೈಲಾನ್ ಸರಳನ್ನು ಕಡೆದು ಬುಶ್ ಮಾಡಿ ಹಾಕಿದ ಮೇಲೆ ಎಣ್ಣೆಯ ಚಿಂತೆಯೂ ಇಲ್ಲ, ತುಕ್ಕಿನ ಚಿಂತೆಯೂ ಇಲ್ಲ. ನೀರೇ ಅದಕ್ಕೆ ಎಣ್ಣೆ. ಎರಡನೆಯ ತೊಂದರೆ ತಿರುವುಗಳಲ್ಲಿತ್ತು. ದುಂಡು ತುದಿಯ ಒಳಮಗ್ಗುಲಲ್ಲಿ ನೀರು ನಿಂತಂತಾಗಿ ಪಾಚಿ ಕೆಳಗೆ ಕೂತು ಕೊಳೆಯುತ್ತಿತ್ತು. ಪ್ಲಾಸ್ಟಿಕ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಆ ಬಾಗಿದ ಹೋಳುಗಳನ್ನು ತಿರುವಿನಲ್ಲಿ ನೀರಿನ ದಾರಿಗೆ ಅಡ್ಡವಾಗದಂತೆ ನಿಲ್ಲಿಸಿದ ಮೇಲೆ ಅದು ಸರಿಹೋಯಿತು.

ಬೀಜ ಮತ್ತು ಗೊಬ್ಬರ

ಮೊದಲ ಬೀಜವಾಗಿ ಕೊಂಡು ತಂದದ್ದು ಶುದ್ಧವಾದ ಕ್ಲೋರೆಲ್ಲಾ ಎಂಬ ಪಾಚಿ. 20 ಲೀಟರಿನ ಕ್ಯಾನುಗಳಲ್ಲಿ ಬೆಳೆಸಿ ಕೊಳಕ್ಕೆ ಬಿಟ್ಟೆ. ಐದು ವಾರಗಳ ನಂತರ ಗೆಳೆಯರ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ದುಂಡನೆಯ ಕ್ಲೋರೆಲ್ಲಾ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಉಳಿದ ಜಾಗವನ್ನೆಲ್ಲ ನಾಲ್ಕು ನಾಲ್ಕು ಕೋಶಗಳು ಬೆರಳಿಗೆ ಬೆರಳು ಜೋಡಿಸಿದಂತೆ ಸಾಲಾಗಿ ಅಂಟಿಕೊಂಡಿರುವ ಸೆನೆಡೆಸ್ಮಸ್ ಎಂಬ ಪಾಚಿ ಆಕ್ರಮಿಸಿತ್ತು. ಎಮ್ಮೆಯ ತೊಟ್ಟಿಯ ನೀರನ್ನು ಗಾಜಿನ ಪಟ್ಟಿಗೆ ಹಾಕಿ ನೋಡಿದರೆ ಅಲ್ಲಿದ್ದದ್ದೂ ಅದೇ. ಅಮೆರಿಕದ ಆ ಕಾರ್ಯಕ್ರಮದವರಿಗೂ ಇದೇ ಅನುಭವವಾಗಿತ್ತು: ಪ್ರಯೋಗಾಲಯದಲ್ಲಿ ಆರಿಸಿದ, ಎಣ್ಣೆ ಹೆಚ್ಚಿರುವ ತಳಿಗಳನ್ನು ತೆರೆದ ಕೊಳಕ್ಕೆ ಬಿಟ್ಟಾಗ ಆ ಜಾಗದ ಸ್ಥಳೀಯ ತಳಿಗಳು ಅವುಗಳನ್ನು ಹಿಂದೆ ಹಾಕುತ್ತಿದ್ದವು. ತೆರೆದ ಕೊಳದಲ್ಲಿ ಯಾವ ಪಾಚಿ ಬೆಳೆಯಬೇಕೆಂಬುದನ್ನು ನಾವು ನಿರ್ಧರಿಸುವುದಿಲ್ಲ, ಅಲ್ಲಿನ ನೀರು, ಚಳಿ, ಬಿಸಿಲುಗಳು ನಿರ್ಧರಿಸುತ್ತವೆ ಎಂದು ತಿಳಿದ ಮೇಲೆ ಕೊಂಡು ತಂದ ಬೀಜವನ್ನು ಬಿಟ್ಟು ತೊಟ್ಟಿಯ ಪಾಚಿಯನ್ನೇ ಬೀಜವಾಗಿ ಇಟ್ಟುಕೊಂಡೆ. ಅದಕ್ಕೆ ಇನ್ನೊಂದು ಒಳ್ಳೆಯ ಗುಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಗೊಬ್ಬರಕ್ಕಾಗಿ ಕೊಟ್ಟಿಗೆ ತೊಳೆದ ನೀರನ್ನು ಎರಡು ದಿನ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ದಿನಕ್ಕೆ ಒಂದಿಷ್ಟರಂತೆ ಬಿಡುತ್ತಿದ್ದೆ. ಡಿಸೆಂಬರ್‌ನಲ್ಲಿ ಬೆಳವಣಿಗೆ ನಿಧಾನವಾಯಿತೆಂದು ಗಂಜಲವನ್ನೇ ಒಂದು ಕೊಡ ಸುರಿದೆ. ಮರುದಿನ ಸಂಜೆಗೆ ಹಸಿರು ಬಣ್ಣ ಹಳದಿಗೆ ತಿರುಗಿತು, ಮೂರನೆಯ ದಿನ ಪಾಚಿಯೆಲ್ಲ ತಳಕ್ಕೆ ಕೂತು ನಾತ ಬಂತು. ಕಾರಣ ಆಮೇಲೆ ತಿಳಿಯಿತು. ಪಾಚಿ ಬಿಸಿಲಿನಲ್ಲಿ ನೀರಿನ ಇಂಗಾಲವನ್ನು ಎಳೆದುಕೊಂಡ ಹಾಗೆ ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ ತೋರಿಸುವ ಅಂಕಿ, ಏರುತ್ತದೆ. ನಮ್ಮ ಕೊಳದಲ್ಲಿ ಬೆಳಿಗ್ಗೆ 8.2 ಇದ್ದದ್ದು ಮಧ್ಯಾಹ್ನ ಮೂರಕ್ಕೆ 10.3 ಆಗುತ್ತಿತ್ತು. ಗಂಜಲದ ಅಮೋನಿಯಂ ಪಿಎಚ್ 9ರ ಆಚೀಚೆಯಿಂದಲೇ ಅಮೋನಿಯಾ ಅನಿಲದ ರೂಪಕ್ಕೆ ತಿರುಗತೊಡಗುತ್ತದೆ, 10 ದಾಟಿದಾಗ ಬಹುಪಾಲು ಅದೇ ರೂಪದಲ್ಲಿರುತ್ತದೆ. ಆ ರೂಪ ಪಾಚಿಗೆ ವಿಷ. ಅಂದಿನಿಂದ ಕೊಟ್ಟಿಗೆಯ ನೀರನ್ನು ಪಿಎಚ್ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ, ಅದೂ ಒಮ್ಮೆಗೆ ಅರ್ಧ ಕೊಡಕ್ಕಿಂತ ಹೆಚ್ಚಿಲ್ಲದಂತೆ ಬಿಡುತ್ತಿದ್ದೇನೆ.

ಈ ಪಿಎಚ್ ಏರಿಕೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಒಣಗಿದ ಪಾಚಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಹೀಗಾಗಿ ಒಂದು ಕಿಲೋ ಪಾಚಿ ಬೆಳೆಯಲು 1.8 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಯಲ್ಲಿ ಅದಿರುವುದು ಹತ್ತು ಲಕ್ಷ ಪಾಲಿಗೆ 420ರಷ್ಟು ಮಾತ್ರ, ಅದು ನೀರಿಗೆ ಇಳಿಯುವುದೂ ನಿಧಾನ. ಮಧ್ಯಾಹ್ನದ ಹೊತ್ತಿಗೆ ಪಾಚಿಗೆ ಬಿಸಿಲಿದೆ, ಗೊಬ್ಬರವಿದೆ, ಇಂಗಾಲವಿಲ್ಲ. ದೊಡ್ಡ ಕೊಳಗಳನ್ನು ವಿದ್ಯುತ್ ಸ್ಥಾವರದ ಹೊಗೆ ಕೊಳವೆಯ ಬಳಿ ಕಟ್ಟಬೇಕೆಂದು ಹೇಳುವುದು ಈ ಕಾರಣಕ್ಕೆ. ನಾನು ಅಡುಗೆ ಸೋಡಾ ಹಾಕಿ ನೋಡಿದೆ. ಬೆಳವಣಿಗೆ ಹೆಚ್ಚಿತು, ಆದರೆ ಖರ್ಚು ಎಣ್ಣೆಯ ಬೆಲೆಯನ್ನು ಮೀರಿದ್ದರಿಂದ ಎರಡು ವಾರಕ್ಕೆ ನಿಲ್ಲಿಸಿದೆ.

ಜನವರಿಯ ಕೊನೆಯಲ್ಲಿ ಎರಡನೆಯ ಬಾರಿ ಕೊಳ ಹೋಯಿತು. ಈ ಸಲ ನಾತವಿರಲಿಲ್ಲ. ಮೂರು ದಿನಗಳಲ್ಲಿ ಹಸಿರು ತಿಳಿಯಾಗುತ್ತ ಕಂದು ಬಣ್ಣಕ್ಕೆ ಬಂದು, ತಳ ಕಾಣತೊಡಗಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿಗಳು ಬಾಯಿಯ ಸುತ್ತಲಿನ ರೋಮಗಳನ್ನು ಗಾಲಿಯಂತೆ ತಿರುಗಿಸುತ್ತ, ಒಂದರ ಹಿಂದೆ ಒಂದು ಕೋಶವನ್ನು ನುಂಗುತ್ತಿದ್ದವು. ಅವುಗಳ ಪಾರದರ್ಶಕ ಹೊಟ್ಟೆಯಲ್ಲಿ ನಮ್ಮ ಪಾಚಿ ಹಸಿರಾಗಿಯೇ ಕಾಣುತ್ತಿತ್ತು. ಕೊಳವನ್ನು ಪೂರ್ತಿ ಬರಿದು ಮಾಡಿ, ಬ್ಲೀಚಿಂಗ್ ಪುಡಿಯಿಂದ ತೊಳೆದು, ಮೂರು ದಿನ ಬಿಸಿಲಿಗೆ ಒಣಗಿಸಿ, ಕಿಟಕಿಯಲ್ಲಿಟ್ಟಿದ್ದ ಕ್ಯಾನುಗಳ ಬೀಜದಿಂದ ಮತ್ತೆ ಆರಂಭಿಸಬೇಕಾಯಿತು. ಕೊಳ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ನಾಲ್ಕು ಕ್ಯಾನುಗಳಲ್ಲಿ ಬೀಜವನ್ನು ಬೇರೆಯಾಗಿ ಇಟ್ಟಿರಲೇಬೇಕು. ಅಂದು ಅವಿಲ್ಲದಿದ್ದರೆ ಒಂದು ತಿಂಗಳು ಕಳೆದುಹೋಗುತ್ತಿತ್ತು.

ಕೊಯ್ಲು: ನಿಜವಾದ ಕಷ್ಟ ಇಲ್ಲಿದೆ

ಕೊಳದ ಒಂದು ಲೀಟರ್ ನೀರನ್ನು ಫಿಲ್ಟರ್ ಕಾಗದದಲ್ಲಿ ಸೋಸಿ, ಒಣಗಿಸಿ, ಚಿನ್ನ ತೂಗುವಂತಹ ಸಣ್ಣ ತಕ್ಕಡಿಯಲ್ಲಿಟ್ಟರೆ 0.4 ಗ್ರಾಂ ಬರುತ್ತಿತ್ತು. ಅಂದರೆ ಅಷ್ಟು ಗಾಢ ಹಸಿರಾಗಿ ಕಾಣುವ 2,000 ಲೀಟರ್ ನೀರಿನಲ್ಲಿ ಇರುವ ಪಾಚಿ 800 ಗ್ರಾಂ. ದಿನಕ್ಕೆ ಹತ್ತನೆಯ ಒಂದು ಪಾಲು, 200 ಲೀಟರ್ ತೆಗೆದು, ಅಷ್ಟೇ ಹೊಸ ನೀರು ಬಿಟ್ಟರೆ ಕೊಳ ಮರುದಿನಕ್ಕೆ ಮೊದಲಿನಂತಾಗುತ್ತಿತ್ತು. ಆ 200 ಲೀಟರಿನಲ್ಲಿರುವ 80 ಗ್ರಾಮನ್ನು ನೀರಿನಿಂದ ಬಿಡಿಸಬೇಕು. ಕೋಶಗಳು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಚೀಚೆ ಇರುತ್ತವೆ. ಬಟ್ಟೆಯಲ್ಲಿ ಸೋಸಿದರೆ ದಾಟಿ ಹೋಗುತ್ತವೆ, ಇಲ್ಲವೇ ಬಟ್ಟೆಯ ಕಣ್ಣು ಮುಚ್ಚುತ್ತವೆ.

ಮೊದಲು ಸುಣ್ಣವನ್ನು ಪ್ರಯೋಗಿಸಿದೆ. ನಮ್ಮ ಕಡೆಯ ಬೋರಿನ ನೀರು ಗಡಸು. ಸುಣ್ಣದಿಂದ ಪಿಎಚ್ 11ಕ್ಕೆ ಏರಿಸಿದರೆ ನೀರಿನ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಗಟ್ಟಿಯಾಗಿ ಕೆಳಗಿಳಿಯುವಾಗ ಪಾಚಿಯನ್ನೂ ಕಟ್ಟಿಕೊಂಡು ಇಳಿಯುತ್ತವೆ. ನೋಡಲು ಅದು ಬಹಳ ಚಂದ. ಹತ್ತು ನಿಮಿಷದಲ್ಲಿ ಹಸಿರು ಮೋಡಗಳು ಕಟ್ಟಿ, ಅರ್ಧ ಗಂಟೆಯಲ್ಲಿ ಮೇಲಿನ ನೀರು ಕನ್ನಡಿಯಂತಾಗುತ್ತದೆ. ಒಣಗಿಸಿ ತೂಗಿದರೆ ದಿನಕ್ಕೆ 150 ಗ್ರಾಂ ಬಂತು. ಇಳುವರಿ ಇಮ್ಮಡಿಯಾಯಿತೆಂದು ನಾಲ್ಕು ದಿನ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದೆ. ಐದನೆಯ ದಿನ ಗೆಳೆಯರು ಒಂದು ಚಿಟಿಕೆ ಪುಡಿಯ ಮೇಲೆ ಲಿಂಬೆರಸ ಹಿಂಡಿದರು. ಪುಡಿ ಚುರ್ರೆಂದು ನೊರೆಯಾಯಿತು. ಇನ್ನೊಂದಿಷ್ಟನ್ನು ಮೂಸೆಯಲ್ಲಿ ಸುಟ್ಟಾಗ ಹೆಚ್ಚುಕಡಿಮೆ ಅರ್ಧ ತೂಕ ಬಿಳಿ ಬೂದಿಯಾಗಿ ಉಳಿಯಿತು. ನಾನು ತೂಗುತ್ತಿದ್ದದ್ದು ಪಾಚಿಯೊಂದಿಗೆ ಸುಣ್ಣದ ಕಲ್ಲನ್ನು. ಪಾಚಿಯ ಇಳುವರಿ ಎಂದು ಯಾರಾದರೂ ಅಂಕಿ ಕೊಟ್ಟರೆ, ಬೂದಿ ಕಳೆದ ತೂಕವೇ ಎಂದು ಕೇಳಬೇಕು. ಮೇಲೆ ಹೇಳಿದ 80 ಗ್ರಾಂ ಬೂದಿ ಕಳೆದ ಲೆಕ್ಕ.

ತೊಟ್ಟಿಯ ಸೆನೆಡೆಸ್ಮಸ್‌ನ ಒಳ್ಳೆಯ ಗುಣ ಇಲ್ಲಿ ಉಪಯೋಗಕ್ಕೆ ಬಂತು. ತಿರುವುವುದನ್ನು ನಿಲ್ಲಿಸಿದರೆ ಅದು ತಾನಾಗಿಯೇ ತಳಕ್ಕೆ ಕೂರುತ್ತದೆ. ತಳ ಚೂಪಾಗಿರುವ ಡ್ರಮ್ಮಿಗೆ ಸಂಜೆ 200 ಲೀಟರ್ ತುಂಬಿಟ್ಟರೆ ಬೆಳಗಿನ ಹೊತ್ತಿಗೆ ಮೂರರಲ್ಲಿ ಎರಡು ಪಾಲು ತಳದಲ್ಲಿರುತ್ತಿತ್ತು. ಉಳಿದದ್ದಕ್ಕೆ ಸ್ವಲ್ಪ ಪಟಿಕ ಸಾಕಾಗುತ್ತಿತ್ತು. ತಳದ ರಾಡಿಯನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ ಮೊಸರು ಬಸಿಯುವಂತೆ ತೂಗುಹಾಕಿದರೆ ಮಧ್ಯಾಹ್ನಕ್ಕೆ ಕಲಸಿದ ಹಿಟ್ಟಿನಂತಹ ಮುದ್ದೆ ಸಿಗುತ್ತದೆ. ಅಷ್ಟಾದರೂ ಆ ಮುದ್ದೆಯಲ್ಲಿ ಶೇ 85 ನೀರೇ.

ಮುದ್ದೆಯನ್ನು ಹಾಳೆಯ ಮೇಲೆ ಬಳಿದು ಒಣಗಿಸಿದಾಗ ಮೇಲೆ ಹಪ್ಪಳದಂತೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿದು, ಎರಡನೆಯ ದಿನ ಮೀನಿನ ನಾತ ಬರುತ್ತಿತ್ತು. ಅಡುಗೆಗೆ ಬಳಸದೆ ಅಟ್ಟದ ಮೇಲಿದ್ದ ಹಳೆಯ ಶ್ಯಾವಿಗೆ ಯಂತ್ರವನ್ನು ತೆಗೆದು, ಮುದ್ದೆಯನ್ನು ಅದರಲ್ಲಿ ಒತ್ತಿ ಎಳೆಗಳಾಗಿ ಬಟ್ಟೆಯ ಮೇಲೆ ಹರವಿದೆ. "ಇದ್ಯಾವ ಶ್ಯಾವಗಿ ಮಾಡಾಕತ್ತೀಯಪಾ" ಎಂದು ಅವ್ವ ಕೇಳಿದಳು, ಆದರೆ ಎಳೆಗಳು ಒಂದಕ್ಕೊಂದು ತಾಗದಂತೆ ಕೈಯನ್ನು ಹೇಗೆ ಆಡಿಸಬೇಕೆಂದು ತೋರಿಸಿಕೊಟ್ಟವಳೂ ಅವಳೇ. ಫೆಬ್ರವರಿಯ ಬಿಸಿಲಿನಲ್ಲಿ ಒಂದೇ ದಿನಕ್ಕೆ ಎಳೆಗಳು ಲಟಲಟನೆ ಮುರಿಯುವಷ್ಟು ಒಣಗಿದವು.

ಬಿಸಿಲಿಗೆ ಬೆಲೆಯಿಲ್ಲ, ಸರಿ. ಆದರೆ ದೊಡ್ಡ ಪ್ರಮಾಣದಲ್ಲಿ ಮಾಡುವವರು ದಿನಕ್ಕೆ ಎಷ್ಟು ಎಕರೆ ಶ್ಯಾವಿಗೆ ಒಣಗಿಸಬಲ್ಲರು? ಯಂತ್ರದ ಶಾಖದಿಂದ ಒಣಗಿಸಿದರೆ ಏನಾಗುತ್ತದೆ ಎಂಬ ಲೆಕ್ಕ ಹಾಕಿದೆ. ಈ ಮುದ್ದೆಯಿಂದ ಒಂದು ಕಿಲೋ ಒಣ ಪಾಚಿ ಬರಬೇಕಾದರೆ 5.7 ಕಿಲೋದಷ್ಟು ನೀರು ಆವಿಯಾಗಬೇಕು. ಕಿಲೋ ನೀರಿಗೆ 2.4 ಮೆಗಾಜೌಲ್ (ಇದು ಶಕ್ತಿಯ ಅಳತೆ) ಎಂದರೆ ಸುಮಾರು 14 ಮೆಗಾಜೌಲ್. ಆ ಒಂದು ಕಿಲೋದಿಂದ ನಮಗೆ ದೊರೆತ ಎಣ್ಣೆ 110 ಗ್ರಾಂ, ಅದರ ಶಕ್ತಿ ಸುಮಾರು 4 ಮೆಗಾಜೌಲ್. ನಾನು ಈ ಹಂಗಾಮಿನಲ್ಲಿ ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ಪಾಚಿ ಬೆಳೆಯುವುದು ಕಷ್ಟವಲ್ಲ, ಅದನ್ನು ನೀರಿನಿಂದ ಬಿಡಿಸುವುದರಲ್ಲಿಯೇ ಎಣ್ಣೆಯ ಶಕ್ತಿಯೆಲ್ಲ ಖರ್ಚಾಗಿ ಹೋಗುತ್ತದೆ.

ಎಣ್ಣೆ

ಒಣ ಪಾಚಿಯನ್ನು ಗಾಣಕ್ಕೆ ಹಾಕಿ ಹಿಂಡಲಾಗುವುದಿಲ್ಲ. ಶೇಂಗಾ ಬೀಜದಲ್ಲಿ ತೂಕದ ಅರ್ಧದ ಹತ್ತಿರ ಎಣ್ಣೆಯಿದೆ. ಇಲ್ಲಿ ಇರುವುದೇ ಕಡಿಮೆ, ಅದೂ ಗಟ್ಟಿ ಕೋಶಭಿತ್ತಿಯೊಳಗೆ. ಹೆಕ್ಸೇನ್ ಎಂಬ ದ್ರಾವಕದಿಂದ ಅದನ್ನು ಬಿಡಿಸಬೇಕು. ಹೆಕ್ಸೇನ್ ಪೆಟ್ರೋಲಿನಂತೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು. ನಾವು ಮಾಡಿದ್ದು ಪ್ರಯೋಗಾಲಯದಲ್ಲಿ, ಹೊಗೆಗೂಡಿನ ಒಳಗೆ, ಜ್ವಾಲೆಯಿಲ್ಲದ ಬಿಸಿ ನೀರಿನ ತೊಟ್ಟಿಯ ಮೇಲೆ. ಪುಡಿಯನ್ನು ಹಾಗೆಯೇ ಹಾಕಿದಾಗ 100 ಗ್ರಾಮಿಗೆ 4 ಗ್ರಾಂ ಬಂತು. ಗುಂಡುಗಳಿಂದ ಅರೆಯುವ ಬಾಲ್ ಮಿಲ್ಲಿನಲ್ಲಿ ಆರು ತಾಸು ಅರೆದು ಹಾಕಿದಾಗ 11 ಗ್ರಾಂ. ಆ 11 ಗ್ರಾಂ ಕಡು ಹಸಿರು ಬಣ್ಣದ, ಗ್ರೀಸಿನಂತಹ ಅಂಟು ಪದಾರ್ಥ. ಅದರಲ್ಲಿ ಪತ್ರಹರಿತ್ತು, ಮೇಣ, ಬೇರೆ ಕೊಬ್ಬುಗಳು ಎಲ್ಲ ಸೇರಿರುತ್ತವೆ. ಎಂಜಿನ್ನಿಗೆ ಬೇಕಾದ ಎಣ್ಣೆ ಅದರಲ್ಲಿ ಅರ್ಧದಷ್ಟು ಮಾತ್ರ.

ಪಾಚಿಗೆ ಸಾರಜನಕ ಕೊಡದೆ ಉಪವಾಸ ಕೆಡವಿದರೆ ಎಣ್ಣೆ ಹೆಚ್ಚುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಅದು ನಿಜ. 200 ಲೀಟರನ್ನು ಬೇರೆ ತೊಟ್ಟಿಯಲ್ಲಿ ಹತ್ತು ದಿನ ಗೊಬ್ಬರವಿಲ್ಲದೆ ಇಟ್ಟೆ. ಎಣ್ಣೆ ಶೇ 11ರಿಂದ 18ಕ್ಕೆ ಏರಿತು. ಆದರೆ ಅಷ್ಟರಲ್ಲಿ ಪಾಚಿಯ ತೂಕ 80 ಗ್ರಾಮಿನಿಂದ 100 ಗ್ರಾಮಿಗೆ ಬಂದು ನಿಂತಿತ್ತು. ಒಂದು ಚದರ ಮೀಟರಿನಲ್ಲಿ ಹತ್ತು ದಿನಕ್ಕೆ ಹೆಚ್ಚಾದ ಎಣ್ಣೆ 9 ಗ್ರಾಮಿನಷ್ಟು. ಗೊಬ್ಬರ ಕೊಟ್ಟು ಬೆಳೆಸಿದ ಕೊಳದಲ್ಲಿಯೂ ಹತ್ತು ದಿನಕ್ಕೆ ಚದರ ಮೀಟರಿಗೆ ಹೆಚ್ಚುಕಡಿಮೆ ಅಷ್ಟೇ. ಎಣ್ಣೆ ಹೆಚ್ಚಲಿಲ್ಲ, ಆದರೆ ಅದೇ ಎಣ್ಣೆಗೆ ಬಸಿದು ಒಣಗಿಸಬೇಕಾದ ರಾಶಿ ಕಡಿಮೆಯಾಯಿತು. ಅದೂ ಸಣ್ಣ ಲಾಭವಲ್ಲ.

ಹಂಗಾಮಿನ ಸುಮಾರು 7 ಕಿಲೋ ಒಣ ಪಾಚಿಯಲ್ಲಿ ಸುಣ್ಣ ಬೆರೆಯದ 2 ಕಿಲೋವನ್ನು ಎಣ್ಣೆಗೆ ಹಾಕಿದೆವು. 220 ಗ್ರಾಂ ಹಸಿರು ಅಂಟು ಬಂತು. ಅದರಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿದ್ದರಿಂದ ಜೈವಿಕ ಡೀಸೆಲ್ ಮಾಡಲು ನೇರವಾಗಿ ಮೆಥನಾಲ್ ಮತ್ತು ಕಾಸ್ಟಿಕ್ ಪೊಟ್ಯಾಷ್ ಹಾಕಿದ ಮೊದಲ ಸಣ್ಣ ಮಾದರಿ ಸಾಬೂನಾಗಿ ಗಟ್ಟಿಯಾಯಿತು. ಮೊದಲು ಆಮ್ಲದೊಂದಿಗೆ, ಆಮೇಲೆ ಕ್ಷಾರದೊಂದಿಗೆ ಎರಡು ಹಂತದಲ್ಲಿ ಮಾಡಿ, ತೊಳೆದು, ನೀರು ತೆಗೆದ ಮೇಲೆ ಉಳಿದ ಜೈವಿಕ ಡೀಸೆಲ್ 115 ಮಿಲಿಲೀಟರ್.

ಪಂಪ್‌ಸೆಟ್ಟು ತುಂಬು ಭಾರದಲ್ಲಿ ತಾಸಿಗೆ 1.1 ಲೀಟರ್ ಡೀಸೆಲ್ ಕುಡಿಯುತ್ತದೆ. ಬರೀ ನಮ್ಮ ಇಂಧನದ ಮೇಲೆ ಅದು ಆರು ನಿಮಿಷ ನಡೆಯಬಹುದಿತ್ತು. ಅದರ ಬದಲು 460 ಮಿಲಿಲೀಟರ್ ಡೀಸೆಲ್ಲಿನಲ್ಲಿ ಬೆರೆಸಿ ಶೇ 20ರ ಮಿಶ್ರಣ ಮಾಡಿ, ತೊಳೆದು ಒಣಗಿಸಿದ ಸಲೈನ್ ಬಾಟಲಿಯಲ್ಲಿ ತುಂಬಿ, ಅದನ್ನು ಪಂಪ್‌ಸೆಟ್ಟಿನ ಮೇಲಿನ ಬೇವಿನ ಟೊಂಗೆಗೆ ತೂಗುಹಾಕಿ ಅದರಿಂದಲೇ ಇಂಧನ ಕೊಟ್ಟೆ. ಎಂಜಿನ್ ಅರ್ಧ ಗಂಟೆ ನಡೆದು ಪೇರಲ ಗಿಡಗಳಿಗೆ ನೀರು ಹಾಯಿಸಿತು. ಸದ್ದಿನಲ್ಲಾಗಲಿ ಹೊಗೆಯ ಬಣ್ಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಬಾಟಲಿಯಲ್ಲಿ ಮಟ್ಟ ಇಳಿಯುವುದನ್ನು ನೋಡುತ್ತ ನಿಂತಾಗ ನನಗೆ ತುಂಬ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಲೆಕ್ಕ

ಬಿಸಿಲಿನ ಲೆಕ್ಕದಿಂದ ಆರಂಭಿಸುತ್ತೇನೆ. ನಮ್ಮ ಕಡೆ ಒಂದು ಚದರ ಮೀಟರಿನ ಮೇಲೆ ದಿನಕ್ಕೆ 20 ಮೆಗಾಜೌಲಿನ ಆಚೀಚೆ ಬಿಸಿಲು ಬೀಳುತ್ತದೆ. ನಮ್ಮ ಸರಾಸರಿ ಇಳುವರಿ ಚದರ ಮೀಟರಿಗೆ ದಿನಕ್ಕೆ 8 ಗ್ರಾಂ. ಡಿಸೆಂಬರ್‌ನಲ್ಲಿ 5-6, ಮಾರ್ಚಿನಲ್ಲಿ 10-11. ಬಿದ್ದ ಬಿಸಿಲಿನಲ್ಲಿ ಶೇ 0.9ರಷ್ಟು ಪಾಚಿಯಾಯಿತು, ಎಣ್ಣೆಯಾಗಿ ಉಳಿದದ್ದು ಶೇ 0.16. ದ್ಯುತಿಸಂಶ್ಲೇಷಣೆಯ ಸಿದ್ಧಾಂತದ ಮಿತಿ ಶೇ 10ರ ಹತ್ತಿರವಿದೆ, ಆದರೆ ತೆರೆದ ಕೊಳದಲ್ಲಿ ಯಾರೂ ಅದರ ಹತ್ತಿರ ಹೋಗಿಲ್ಲ. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ಆ ಅಮೆರಿಕನ್ ಕಾರ್ಯಕ್ರಮದವರು 1,000 ಚದರ ಮೀಟರಿನ ಕೊಳಗಳಲ್ಲಿ ಕೆಲವು ದಿನ 50 ಗ್ರಾಂವರೆಗೂ ಕಂಡರು. ಸರಾಸರಿ ಮಾತ್ರ 10 ಗ್ರಾಮಿನಷ್ಟೇ, ಚಳಿಯೇ ಅದಕ್ಕೆ ದೊಡ್ಡ ಅಡ್ಡಿ. ಎಕರೆಗೆ ವರ್ಷಕ್ಕೆ 10,000 ಗ್ಯಾಲನ್ ಎಣ್ಣೆ ಎಂಬ ಮಾತನ್ನು ಯಾರಾದರೂ ಹೇಳಿದರೆ, ಬಿಸಿಲಿನ ಶೇ 4ಕ್ಕಿಂತ ಹೆಚ್ಚು ಪಾಲು ಬರೀ ಎಣ್ಣೆಯಾಗಿಯೇ ಉಳಿಯಬೇಕು ಎಂಬುದನ್ನು ನೆನೆಯಬೇಕು.

ತಿರುವುವ ಮೋಟರ್ 30 ವ್ಯಾಟ್ ತೆಗೆದುಕೊಳ್ಳುತ್ತಿತ್ತು. ದಿನಕ್ಕೆ 12 ತಾಸು ಎಂದರೆ 1.3 ಮೆಗಾಜೌಲ್. ಅದೇ ದಿನದ ಎಣ್ಣೆಯಲ್ಲಿ ಇದ್ದದ್ದು 0.33 ಮೆಗಾಜೌಲ್. ನೀರಿನ ವೇಗ ಅರ್ಧವಾದರೆ ನೀರನ್ನು ತಳ್ಳಲು ಬೇಕಾದ ಶಕ್ತಿ ಎಂಟನೆಯ ಒಂದು ಪಾಲಾಗುತ್ತದೆ; ಆದ್ದರಿಂದ ವೇಗ ತಗ್ಗಿಸಿ, ಹತ್ತು ನಿಮಿಷಕ್ಕೆ ಮೂರು ನಿಮಿಷ ಮಾತ್ರ ನಡೆಯುವಂತೆ ಟೈಮರ್ ಹಾಕಿದೆ. ಇಳುವರಿ ಅಷ್ಟೇನೂ ಕುಸಿಯಲಿಲ್ಲ. ದೊಡ್ಡ ಕೊಳಗಳಲ್ಲಿ ಒಳ್ಳೆಯ ಚಕ್ರಗಳಿಂದ ಈ ಖರ್ಚು ಇನ್ನೂ ಇಳಿಯುತ್ತದೆ. ನನ್ನ ಸರಪಳಿ, ಬುಶ್‌ಗಳೇ ಬಹುಪಾಲು ಶಕ್ತಿಯನ್ನು ನುಂಗುತ್ತಿದ್ದವು.

ಗೊಬ್ಬರದ ಲೆಕ್ಕ ಇದಕ್ಕಿಂತ ಗಂಭೀರವಾದದ್ದು. ನನ್ನ ಇಳುವರಿಯಂತೆ ವರ್ಷಕ್ಕೆ 300 ದಿನ ನಡೆದರೆ ಒಂದು ಎಕರೆಯಲ್ಲಿ ಸುಮಾರು 9.7 ಟನ್ ಒಣ ಪಾಚಿ, ಬಿಡಿಸಿದ್ದನ್ನೆಲ್ಲ ಎಣ್ಣೆಯೆಂದೇ ಉದಾರವಾಗಿ ಎಣಿಸಿದರೂ 1 ಟನ್ ಎಣ್ಣೆ. ಪಾಚಿಯ ತೂಕದಲ್ಲಿ ಶೇ 7ರಷ್ಟು ಸಾರಜನಕ ಇರುವುದರಿಂದ ಆ ಎಕರೆಗೆ ಬೇಕಾದದ್ದು 680 ಕಿಲೋ ಸಾರಜನಕ, ಅಂದರೆ 45 ಕಿಲೋ ತೂಕದ 33 ಚೀಲ ಯೂರಿಯಾ. ನೈಸರ್ಗಿಕ ಅನಿಲದಿಂದ ಮಾಡಿದ ಯೂರಿಯಾವನ್ನು ಕೊಳಕ್ಕೆ ಸುರಿದು ಡೀಸೆಲ್ ಉಳಿಸಿದೆ ಎನ್ನುವುದರಲ್ಲಿ ಅರ್ಥವಿಲ್ಲ. ಕೊಳಚೆ ನೀರಿನಲ್ಲಿ, ಕೊಟ್ಟಿಗೆಯ ನೀರಿನಲ್ಲಿ ಹೇಗೂ ಇರುವ ಸಾರಜನಕದ ಮೇಲೆ ಮಾತ್ರ ಪಾಚಿ ಬೆಳೆಯಬೇಕು. ಆಗ ಅದು ಎಷ್ಟು ಬೆಳೆಯಬಹುದೆಂಬುದಕ್ಕೂ ಆ ನೀರಿನ ಪ್ರಮಾಣವೇ ಮಿತಿ. ದೇಶ ವರ್ಷಕ್ಕೆ ಬಳಸುವ ಡೀಸೆಲ್ ಸುಮಾರು 9 ಕೋಟಿ ಟನ್. ನನ್ನ ಕೊಳದ ಲೆಕ್ಕದಲ್ಲಿ ಅದಕ್ಕೆ 9 ಕೋಟಿ ಎಕರೆ ಬೇಕು. ಇಡೀ ಕರ್ನಾಟಕದ ವಿಸ್ತೀರ್ಣ 4.7 ಕೋಟಿ ಎಕರೆಯಷ್ಟು. ನನಗಿಂತ ಮೂರು ಪಟ್ಟು ಚೆನ್ನಾಗಿ ಬೆಳೆಯುವವರು ಬಂದರೂ ಉತ್ತರ ಬದಲಾಗುವುದಿಲ್ಲ. 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿ ಪಾಚಿಯ ಇಂಧನಕ್ಕೆ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಪ್ರಕಟಿಸಿ, 2023ರ ಆರಂಭದ ಹೊತ್ತಿಗೆ ಹಿಂದೆ ಸರಿದದ್ದನ್ನು ಓದಿದಾಗ, ಅವರ ಕೈಯಲ್ಲಿ ಇಲ್ಲದಿದ್ದದ್ದು ಹಣವಲ್ಲ ಎಂಬುದು ನನಗೆ ಮನದಟ್ಟಾಯಿತು.

ಪಂಪ್‌ಸೆಟ್ಟಿಗೆ ಎಣ್ಣೆ ಬೇಕೆನ್ನುವ ನಮ್ಮ ಕಡೆಯ ರೈತರಿಗೆ ಬದುವಿನ ಮೇಲಿನ ಹೊಂಗೆಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದರ ಬೀಜದಲ್ಲಿ ಶೇ 30ರ ಆಚೀಚೆ ಎಣ್ಣೆಯಿದೆ, ಗಾಣದಲ್ಲಿ ಹಿಂಡಬಹುದು, ಬೀಜ ಮರದ ಮೇಲೆಯೇ ಒಣಗುತ್ತದೆ.

ಈಗ ಕೊಳ ಏನು ಮಾಡುತ್ತಿದೆ

ಹಾಗೆಂದು ಕೊಳವನ್ನು ಮುಚ್ಚಲಿಲ್ಲ. ಕೊಟ್ಟಿಗೆಯ ನೀರು ಕೊಳದಲ್ಲಿ ಐದಾರು ದಿನ ಸುತ್ತಿ ಹೊರಬಂದಾಗ ಅದಕ್ಕೆ ಗಂಜಲದ ಘಾಟು ಇರುವುದಿಲ್ಲ. ಅದನ್ನು ಪೇರಲ ಗಿಡಗಳಿಗೆ ಬಿಡುತ್ತೇವೆ. ಹಿಂದೆ ಆ ನೀರು ನಿಲ್ಲುತ್ತಿದ್ದ ತಗ್ಗು ಈಗ ಒಣಗಿದೆ. ತಳದ ಹಸಿರು ರಾಡಿಯನ್ನು ಬಸಿಯದೆ, ಒಣಗಿಸದೆ ನೇರವಾಗಿ ಗೋಬರ್ ಗ್ಯಾಸ್ ಗುಂಡಿಗೆ ಬಿಡುತ್ತಿದ್ದೇನೆ. ದಿನದ 80 ಗ್ರಾಂ ಪಾಚಿಯಿಂದ 20 ಲೀಟರಿನಷ್ಟು ಮೀಥೇನ್ ಬರಬೇಕು, ಅದರ ಶಕ್ತಿ ಸುಮಾರು 0.7 ಮೆಗಾಜೌಲ್, ಅಂದರೆ ಅದೇ ಪಾಚಿಯ ಎಣ್ಣೆಯ ಇಮ್ಮಡಿ. ಒಲೆಯ ಮೇಲೆ ಅದು ಐದಾರು ನಿಮಿಷದ ಉರಿ. ಸಗಣಿಯ ದಿನದಿನದ ಏರಿಳಿತದಲ್ಲಿ ಅದನ್ನು ಗಡಿಯಾರ ಹಿಡಿದು ಬೇರೆಯಾಗಿ ಅಳೆಯಲು ನನಗೆ ಆಗಿಲ್ಲ. ಪಾಚಿಯಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಹೆಚ್ಚು. ಹೀಗಾಗಿ ರಾಡಿಯ ಜೊತೆಗೆ ಕತ್ತರಿಸಿದ ಜೋಳದ ಕಣಕಿಯನ್ನೂ ಹಾಕುತ್ತೇನೆ, ಇಲ್ಲದಿದ್ದರೆ ಗುಂಡಿಯೊಳಗೆ ಮತ್ತದೇ ಅಮೋನಿಯಾದ ತೊಂದರೆ. ಗುಂಡಿಯಿಂದ ಹೊರಬರುವ ಬಗ್ಗಡದ ತಿಳಿಯಲ್ಲಿ ಸಾರಜನಕ ಹಾಗೆಯೇ ಉಳಿದಿರುತ್ತದೆ, ಅದರಲ್ಲಿ ಒಂದು ಪಾಲು ಮರಳಿ ಕೊಳಕ್ಕೆ ಹೋಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೊಳದಿಂದ ದಿನಕ್ಕೆ 70 ಲೀಟರ್ ನೀರು ಆವಿಯಾಗುತ್ತಿತ್ತು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮ ಊರಿನಲ್ಲಿ ಅದನ್ನು ಕೊಟ್ಟಿಗೆಯ ನೀರಿನಿಂದಲೇ ತುಂಬಿಸಿದೆ, ಅದಕ್ಕಾಗಿ ನಲ್ಲಿಯನ್ನು ಒಂದು ದಿನವೂ ತಿರುವಲಿಲ್ಲ. ಕಳೆದ ವಾರದ ಅಡ್ಡಮಳೆಗೆ ಕೊಳ ತುಂಬಿ ಹರಿದು ಹಸಿರು ತೆಳುವಾಯಿತು; ಮುಂಗಾರು ಹಿಡಿದ ಮೇಲೆ ಮೋಡದ ದಿನಗಳಲ್ಲಿ ಇಳುವರಿ ಏನಾಗುತ್ತದೆಂದು ನೋಡಲು ಬಿಳಿ ತಟ್ಟೆಯ ಅಳತೆಯನ್ನು ದಿನವೂ ಬರೆಯುತ್ತಿದ್ದೇನೆ. ಚಕ್ರದ ಎಡಬದಿಯ ನೈಲಾನ್ ಬುಶ್ ಎರಡು ಮಿಲಿಮೀಟರ್ ಸವೆದಿದೆ, ಅದನ್ನು ಭಾನುವಾರ ಬದಲಿಸಬೇಕು. ನಾಲ್ಕು ಬೀಜದ ಕ್ಯಾನುಗಳು ಪೂರ್ವದ ಕಿಟಕಿಯಲ್ಲಿವೆ.